ಮೊಳಕಾಲ್ಮೂರಿಗೆ ಹೋದ ಚಂದ್ರನ ವಾಚು

ಹೆಂಡತಿಗೆ ಹೇಳುವ ಸುಳ್ಳಿನಲ್ಲಿ ಎರಡು ಬಗೆ. ಅಗ್ಗದ್ದನ್ನು ತಂದು ದುಬಾರಿ ಎನ್ನುವುದು ಒಂದು. ಇದು ಅಪಾಯಕಾರಿ, ಸಿಕ್ಕಿಬಿದ್ದರೆ ಮಾನ ಹೋಗುತ್ತದೆ. ದುಬಾರಿಯದ್ದನ್ನು ತಂದು ಅಗ್ಗ ಎನ್ನುವುದು ಇನ್ನೊಂದು. ಇದರಲ್ಲಿ ಯಾವ ಅಪಾಯವೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ನಂಬಿಕೊಂಡು ಮೂರು ವರ್ಷ ಸುಖವಾಗಿಯೂ ಇದ್ದೆ!

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಎಣ್ಣೆ ಮಿಲ್ಲಿದೆ. ಶೇಂಗಾ ಬರುತ್ತದೆ, ಎಣ್ಣೆ ಹೋಗುತ್ತದೆ, ಹಿಂಡಿ ಹೋಗುತ್ತದೆ, ವಾಸನೆ ಮಾತ್ರ ನನ್ನ ಜೊತೆ ಮನೆಗೆ ಬರುತ್ತದೆ. ಐವತ್ತೆರಡು ವರ್ಷ ತುಂಬುವವರೆಗೆ ನನಗೆ ಯಾವ ಚಟವೂ ಇರಲಿಲ್ಲ. ಬೀಡಿ ಇಲ್ಲ, ಇಸ್ಪೀಟಿಲ್ಲ, ಎಲೆಅಡಿಕೆಯೂ ಹಬ್ಬಕ್ಕೆ ಮಾತ್ರ. ಹೀಗಿದ್ದವನು ಒಮ್ಮೆ ಮಿಲ್ಲಿನ ಮೋಟರಿಗೆ ಒಂದು ಬಿಡಿಭಾಗ ತರಲು ಬೆಂಗಳೂರಿಗೆ ಹೋದೆ. ಬಿಸಿಲು ಜೋರಿತ್ತು. ಒಳಗೆ ಏಸಿ ಇದೆ ಎಂಬ ಒಂದೇ ಕಾರಣಕ್ಕೆ ಒಂದು ದೊಡ್ಡ ವಾಚಿನ ಅಂಗಡಿಗೆ ಕಾಲಿಟ್ಟೆ.

ಒಳಗಿದ್ದ ತರುಣ ಬಿಳಿ ಗ್ಲೌಸು ಹಾಕಿಕೊಂಡ. ನನ್ನ ಕೈಯನ್ನು ಮೆತ್ತನೆಯ ದಿಂಬಿನ ಮೇಲೆ ಇರಿಸಿದ. ನನ್ನ ಕೈಯನ್ನು ಅಷ್ಟು ಗೌರವದಿಂದ ಹಿಡಿದವರು ಅದಕ್ಕೆ ಮೊದಲು ಒಬ್ಬರೇ, ಧಾರೆಯ ಹೊತ್ತಿನಲ್ಲಿ ಮಾವನವರು. ಅವರು ಗ್ಲೌಸು ಹಾಕಿರಲಿಲ್ಲ. ತರುಣ ಒಂದು ಸ್ವಿಸ್ ವಾಚನ್ನು ಕಟ್ಟಿ, ಸಾರ್, ಇದಕ್ಕೆ ಬ್ಯಾಟರಿ ಇಲ್ಲ, ನೀವು ಕೈ ಆಡಿಸುವುದರಿಂದಲೇ ಇದು ಓಡುತ್ತದೆ ಎಂದ. ನಾನು ಕೈ ಆಡಿಸಿದೆ. ಅದು ಓಡಿತು. ನನ್ನ ಮಾತಿನಂತೆ ನಡೆಯುವ ಒಂದು ವಸ್ತು ಜೀವನದಲ್ಲಿ ಮೊದಲ ಬಾರಿಗೆ ಸಿಕ್ಕಿತ್ತು!

ಮೋಟರಿನ ಬಿಡಿಭಾಗ ತರುವುದು ಅವತ್ತು ಮರೆತೇಹೋಯಿತು.

ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಇದನ್ನು ಓದುವವರಿದ್ದಾರೆ. ಮನೆಗೆ ಬಂದಾಗ ನನ್ನ ಹೆಂಡತಿ ಗಿರಿಜಾ ವಾಚು ನೋಡಿ, ಎಲ್ಲಿ ತಗೊಂಡಿರಿ ಎಂದು ಕೇಳಿದಳು. ನಾಲಿಗೆ ತಾನಾಗಿಯೇ ಹೊರಳಿತು. ನಮ್ಮೂರ ಬಸ್ ಸ್ಟ್ಯಾಂಡಿನ ಮೂಲೆ ಅಂಗಡಿಯಲ್ಲಿ, ಡೂಪ್ಲಿಕೇಟು, ತೀರಾ ಅಗ್ಗ ಎಂದೆ. ಅವಳು ಕಾಸಿಗೆ ತಕ್ಕ ಹಾಗಿದೆ ಎಂದು ಹೇಳಿ ಒಗ್ಗರಣೆ ಹಾಕಲು ಹೋದಳು.

ಒಂದು ಇದ್ದಲ್ಲಿ ಇನ್ನೊಂದು ಬಂತು. ಎರಡನೆಯದು ಸಮುದ್ರದಲ್ಲಿ ಮುಳುಗುವವರ ವಾಚು. ನೀರಿನಲ್ಲಿ ಮುನ್ನೂರು ಮೀಟರ್ ಆಳಕ್ಕೆ ಹೋದರೂ ಏನೂ ಆಗದಂತೆ. ನಮ್ಮ ತಾಲ್ಲೂಕಿನಲ್ಲಿ ಅಷ್ಟು ಆಳಕ್ಕೆ ಇಳಿಯುವುದು ಬೋರ್‌ವೆಲ್ ಮಾತ್ರ, ಅಲ್ಲೂ ನೀರು ಸಿಗುವ ಖಾತ್ರಿಯಿಲ್ಲ. ಮೂರನೆಯದು ಎರಡು ದೇಶಗಳ ಸಮಯವನ್ನು ಒಟ್ಟಿಗೆ ತೋರಿಸುತ್ತಿತ್ತು. ನಮಗೆ ದೂರದ ನೆಂಟರೆಂದರೆ ಪಕ್ಕದ ತಾಲ್ಲೂಕಿನ ಬಿ.ಜಿ. ಕೆರೆಯವರು. ಅಲ್ಲೂ ಇಲ್ಲೂ ಒಂದೇ ಟೈಮು.

ನಾಲ್ಕನೆಯದು ಮಾತ್ರ ನನ್ನ ಜೀವ. ಅದರ ಮುಖದಲ್ಲಿ ಉಗುರಿನಷ್ಟು ನೀಲಿ ಆಕಾಶ, ಅದರಲ್ಲಿ ಬಂಗಾರದ ಬಣ್ಣದ ಚಂದ್ರ. ಹುಣ್ಣಿಮೆಗೆ ದುಂಡಗೆ ನಿಲ್ಲುತ್ತಿದ್ದ, ಅಮಾವಾಸ್ಯೆಗೆ ಮರೆಯಾಗುತ್ತಿದ್ದ. ಹಿಂಬದಿಗೆ ಲೋಹದ ಮುಚ್ಚಳದ ಬದಲು ಗಾಜು. ತಿರುಗಿಸಿ ನೋಡಿದರೆ ಒಳಗಿನ ಸಣ್ಣ ಚಕ್ರ ಉಸಿರಾಡುವ ಹಾಗೆ ಅತ್ತಿತ್ತ ಆಡುವುದು ಕಾಣುತ್ತಿತ್ತು. ಮಿಲ್ಲಿನ ಗದ್ದಲದ ಮಧ್ಯೆ ಅದನ್ನು ಕಿವಿಗೆ ಹಿಡಿದು ಕೂತರೆ ಲೋಕವೇ ಬೇಡವಾಗುತ್ತಿತ್ತು. ತಲೆ ಎತ್ತಿದರೆ ಚಳ್ಳಕೆರೆಯಲ್ಲಿ ಚಂದ್ರ ಪುಕ್ಕಟೆಯಾಗಿ ಕಾಣುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವನು ನನ್ನೊಬ್ಬನವನಲ್ಲವಲ್ಲ!

ಈ ನಾಲ್ಕನ್ನೂ ಮನೆಯ ಟೇಬಲ್ಲಿನ ಡ್ರಾಯರಿನಲ್ಲಿ ರಾಜಾರೋಷವಾಗಿ ಇಟ್ಟಿದ್ದೆ. ಡೂಪ್ಲಿಕೇಟು ಎಂದಮೇಲೆ ಬಚ್ಚಿಡುವ ಕಷ್ಟವೂ ಇಲ್ಲ ನೋಡಿ.

ಇಷ್ಟರಲ್ಲಿ ಗಿರಿಜಾಗೆ ಒಂದು ಆಸೆ ಹುಟ್ಟಿತು. ಅವಳ ಧಾರೆ ಸೀರೆ ಮೊಳಕಾಲ್ಮೂರಿನದು, ನೇರಳೆ ಬಣ್ಣಕ್ಕೆ ನವಿಲಿನ ಅಂಚು. ಮಡಿಕೆಗಳಲ್ಲಿ ಅದು ಸೀಳತೊಡಗಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಮೊಳಕಾಲ್ಮೂರಿಗೆ ಹೋಗಿ, ಓಬಳೇಶಪ್ಪ ಎಂಬ ನೇಕಾರರ ಮನೆಯಲ್ಲಿ ತೋರಿಸಿ, ಇಂಥದ್ದೇ ಇನ್ನೊಂದು ನೇಯ್ದು ಕೊಡಿ ಎಂದು ಕೇಳಿದ್ದಳು. ಆತ ಅಂಚನ್ನು ಬೆರಳಿನಿಂದ ಸವರಿ ನೋಡಿ, ಈ ನವಿಲಿನ ಕೊಕ್ಕು ನಮ್ಮಪ್ಪನ ಕೈಯಿದು ಎಂದರಂತೆ. ಅವತ್ತಿನಿಂದ ಗಿರಿಜಾಗೆ ಅವರು ಅಣ್ಣನ ಸಮಾನ.

ಸೀರೆ ಮುಗಿದಾಗ ಓಬಳೇಶಪ್ಪ ತಾವೇ ಬಸ್ಸಿನಲ್ಲಿ ತಂದುಕೊಟ್ಟರು. ನಾನು ಮಿಲ್ಲಿನಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಬಂದರೆ ಗಿರಿಜಾ ಹೊಸ ಸೀರೆಯನ್ನು ಮಡಿಲಲ್ಲಿ ಹರವಿಕೊಂಡು ಕೂತಿದ್ದಳು. ನವಿಲು ನಿಜಕ್ಕೂ ಜೀವ ಬಂದ ಹಾಗಿತ್ತು. ನಾನೂ ಹೊಗಳಿದೆ. ಮಜ್ಜಿಗೆ ಲೋಟ ಎತ್ತಿ ಬಾಯಿಗಿಟ್ಟೆ. ಆಗ ಅವಳು, ಆ ಮನುಷ್ಯ ಬಸ್ಸಿಗೆ ಹೊತ್ತಾಯಿತೇನೋ ಎಂದು ಬರಿಗೈ ನೋಡಿಕೊಳ್ಳುತ್ತಿದ್ದರು, ಪಾಪ ಎನಿಸಿತು, ನಿಮ್ಮ ಡ್ರಾಯರಿನಿಂದ ಒಂದು ವಾಚು ತೆಗೆದು ಕೊಟ್ಟುಬಿಟ್ಟೆ ಎಂದಳು.

ಮಜ್ಜಿಗೆ ಮೂಗಿಗೆ ಬಂತು.

ಯಾವುದು ಎಂದು ಆದಷ್ಟು ತಣ್ಣಗೆ ಕೇಳಿದೆ. ಅವಳು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ಚಂದ್ರ ಇತ್ತಲ್ಲ, ಅದು. ಹಿಂದ್ಗಡೆ ಮುಚ್ಚಳ ಬಿದ್ದೋಗಿ ಒಳಗಿಂದೆಲ್ಲಾ ಕಾಣ್ತಿತ್ತು. ಚೆನ್ನಾಗಿರೋವು ನಿಮಗಿರ್ಲಿ ಅಂತ ಅದನ್ನೇ ಕೊಟ್ಟೆ."

ನನ್ನ ಮೇಲಿನ ಪ್ರೀತಿಯಿಂದಲೇ ಅವಳು ನನ್ನ ಕತ್ತು ಕೊಯ್ದಿದ್ದಳು. ಒಳ್ಳೆಯದಾಯಿತು, ದಾನಕ್ಕೆ ಪುಣ್ಯ ಬರುತ್ತದೆ ಎಂದು ಹೇಳಿ ಊಟ ಮುಗಿಸಿದೆ. ಏನು ತಿಂದೆ ಎಂದು ಇಂದಿಗೂ ನೆನಪಿಲ್ಲ.

ಮರುದಿನ ಬೆಳಗ್ಗೆ ಬಿ.ಜಿ. ಕೆರೆಯಲ್ಲಿ ಬಿತ್ತನೆ ಶೇಂಗಾ ನೋಡಿ ಬರುತ್ತೇನೆಂದು ಹೇಳಿ ಕಾರು ಹತ್ತಿದೆ. ನನ್ನ ಯೋಜನೆ ಸರಳವಾಗಿತ್ತು. ಪೇಟೆಯಲ್ಲಿ ಹೊಳೆಯುವ ಒಂದು ಹೊಸ ವಾಚು ಕೊಂಡೆ. ಹಳೆಯದು ಕೆಟ್ಟದ್ದು, ನಿಮಗೆ ಹೊಸದನ್ನೇ ಕೊಡುತ್ತೇನೆ ಎಂದು ಹೇಳಿ ಬದಲಾಯಿಸಿಕೊಂಡು ಬರುವುದು. ಹೊಸದು ಬೇಡ ಎನ್ನುವವರು ಯಾರಿದ್ದಾರೆ? ಬಿ.ಜಿ. ಕೆರೆ ದಾಟುವಾಗ ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಓಬಳೇಶಪ್ಪನವರ ಮನೆಯಲ್ಲಿ ಮಗ್ಗ ನಡುಮನೆಯಲ್ಲೇ ಇತ್ತು. ಕಾಲನ್ನು ಮಗ್ಗದ ಕೆಳಗಿನ ಗುಂಡಿಯಲ್ಲಿ ಇಳಿಬಿಟ್ಟು ಅವರು ನೇಯುತ್ತಿದ್ದರು. ಎಡಗೈಯಲ್ಲಿ ನನ್ನ ಚಂದ್ರ! ಎಳೆ ಹಾಯಿಸಿದಂತೆಲ್ಲ ಅವರು ಹಲಗೆಯನ್ನು ದಢ್ ಎಂದು ಬಡಿಯುತ್ತಿದ್ದರು. ಆ ವಾಚಿನ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೇ, ಪೆಟ್ಟು ಬೀಳದಂತೆ ನೋಡಿಕೊಳ್ಳಿ ಎಂದು ಬರೆದಿದೆ. ದಢ್. ನಾನು ಕಣ್ಣು ಮುಚ್ಚಿದೆ. ದಢ್. ಹಲ್ಲು ಕಚ್ಚಿದೆ. ಸಾರ್‌ಗೆ ಹಲ್ಲುನೋವೇನೋ ಎಂದುಕೊಂಡು ಅವರ ಹೆಂಡತಿ ಲಕ್ಷ್ಮಕ್ಕ ಒಂದು ಲವಂಗ ತಂದುಕೊಟ್ಟರು. ಕೊಡುತ್ತ ಗಂಡನಿಗೆ ತೆಲುಗಿನಲ್ಲಿ, ಸ್ವಲ್ಪ ನಿಲ್ಲಿಸು, ಪಾಪ ನೋಯುತ್ತಿದೆ ಎಂದರು. ಲವಂಗ ಕಚ್ಚಿಕೊಂಡೇ ನಾನು ಮಾತು ಶುರುಮಾಡಿದೆ.

ಡೂಪ್ಲಿಕೇಟು ವಾಚು ಚರ್ಮಕ್ಕೆ ಒಳ್ಳೆಯದಲ್ಲ, ತುರಿಕೆ ಬರುತ್ತದೆ ಎಂದೆ. ಓಬಳೇಶಪ್ಪ ಕೈ ತಿರುಗಿಸಿ ತೋರಿಸಿ, ಏನೂ ಆಗಿಲ್ಲ ಎಂದರು. ಟೈಮು ತಪ್ಪು ತೋರಿಸುತ್ತದೆ ಎಂದೆ. ನಿನ್ನೆಯಿಂದ ಒಂದು ನಿಮಿಷವೂ ತಪ್ಪಿಲ್ಲ ಎಂದರು. ಹೊಸ ವಾಚನ್ನು ಡಬ್ಬಿಯ ಸಮೇತ ಮುಂದಿಟ್ಟೆ. ಅವರು ಅದನ್ನು ನೋಡಿ, ಚೆನ್ನಾಗಿದೆ, ಆದರೆ ಇದು ಅಕ್ಕ ಕೈಯಾರೆ ಕೊಟ್ಟದ್ದು, ಬದಲಾಯಿಸಿದರೆ ಅವರ ಮನಸ್ಸಿಗೆ ನೋವಾಗುತ್ತದೆ ಎಂದರು. ಅಲ್ಲದೆ ಅಮಾವಾಸ್ಯೆಯಂದು ಅವರು ಮಗ್ಗಕ್ಕೆ ಕೂರುವುದಿಲ್ಲ. ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂದು ಲಕ್ಷ್ಮಕ್ಕ ಈಗ ಈ ವಾಚಿನಲ್ಲೇ ನೋಡಿ ಹೇಳುತ್ತಾರಂತೆ. ಎರಡು ವರ್ಷ ನನ್ನ ಬಳಿ ಇದ್ದ ಚಂದ್ರನಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು.

ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ದನಿಯನ್ನು ಕುಗ್ಗಿಸಿ, ಆ ವಾಚು ನಮ್ಮ ತಂದೆಯವರ ನೆನಪು ಎಂದುಬಿಟ್ಟೆ.

ಓಬಳೇಶಪ್ಪ ಗೊಂದಲಕ್ಕೆ ಬಿದ್ದರು. "ಬಸ್ ಸ್ಟ್ಯಾಂಡ್ನಾಗೆ ನೀವು ತಗಂಡಿದ್ದು ಅಂದ್ರಲ್ಲ ಅಕ್ಕಾರು?"

"ನಮ್ಮಪ್ಪಾರೂ ಅಲ್ಲೇ ತಗಳ್ತಿದ್ರು," ಎಂದೆ.

ನಮ್ಮ ತಂದೆಯವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಜೀವಮಾನವಿಡೀ ಒಂದೇ ಒಂದು ಕೀಲಿ ಕೊಡುವ ವಾಚು ಕಟ್ಟಿದ ಸಂಭಾವಿತರು. ಅವರನ್ನು ಒಂದೇ ವಾಕ್ಯದಲ್ಲಿ ಡೂಪ್ಲಿಕೇಟು ವಾಚಿನ ಗಿರಾಕಿಯನ್ನಾಗಿ ಮಾಡಿದೆ! ಆ ಕ್ಷಣದಲ್ಲಿ ನನಗೇ ನಾಚಿಕೆಯಾಗಿ, ಮಾತು ತಿರುಗಿಸಲು, ಸೀರೆ ಯಾವುದಾದರೂ ಸಿದ್ಧವಿದೆಯೇ ಎಂದು ಕೇಳಿದೆ. ಎರಡಿದ್ದವು. ಎರಡನ್ನೂ ಕೊಂಡೆ. ತಂದಿದ್ದ ಹೊಸ ವಾಚನ್ನು ವಾಪಸ್ಸು ಜೇಬಿಗೆ ಹಾಕಿಕೊಳ್ಳಲು ಮುಖವಿಲ್ಲದೆ ಲಕ್ಷ್ಮಕ್ಕನವರಿಗೆ ಕೊಟ್ಟೆ. ಒಂದು ವಾಚು ತರಲು ಹೋದವನು ಇನ್ನೊಂದು ವಾಚನ್ನೂ ಬಿಟ್ಟು, ಎರಡು ಸೀರೆ ಹೊತ್ತುಕೊಂಡು, ಬಾಯಲ್ಲಿ ಲವಂಗದೊಂದಿಗೆ ಚಳ್ಳಕೆರೆಗೆ ವಾಪಸ್ಸಾದೆ.

ಬಿ.ಜಿ. ಕೆರೆಯಲ್ಲಿ ಶೇಂಗಾ ನೋಡಲು ಹೋದವರು ರೇಷ್ಮೆ ಸೀರೆ ಹೇಗೆ ತಂದಿರಿ ಎಂದು ಗಿರಿಜಾ ಕೇಳಿದಳು. ನಿನಗೆಂದೇ ತಂದೆ ಎಂದೆ. ಮೂವತ್ತು ವರ್ಷದಲ್ಲಿ ನಾನಾಗಿಯೇ ಅವಳಿಗೆ ಸೀರೆ ತಂದದ್ದು ಅದೇ ಮೊದಲು. ಅವಳ ಕಣ್ಣು ಒದ್ದೆಯಾಯಿತು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಎರಡು ದಿನ ಕಳೆದವು. ಮಿಲ್ಲಿನಲ್ಲಿ ಯಾವ ಯಂತ್ರ ದಢ್ ಎಂದರೂ ಎದೆ ಹಾರುತ್ತಿತ್ತು. ಮೂರನೆಯ ದಿನ ಓಬಳೇಶಪ್ಪನವರಿಗೆ ನಿಜವನ್ನೇ ಹೇಳಿಬಿಡೋಣ, ಕೈಮುಗಿದು ಕೇಳೋಣ ಎಂದು ಮತ್ತೆ ಶೇಂಗಾದ ನೆಪ ಹೇಳಿ ಹೊರಟೆ. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿದೆ. ಮನೆ ಮುಟ್ಟಿದರೆ ಮಗ್ಗ ಸುಮ್ಮನಿತ್ತು. ಲಕ್ಷ್ಮಕ್ಕ ನಾನು ಕೊಟ್ಟ ವಾಚು ಕಟ್ಟಿಕೊಂಡು ಬಾಗಿಲಿಗೆ ಬಂದರು.

"ಅಯ್ಯೋ, ಆಯಪ್ಪ ನಿಮ್ಮನಿಗೇ ಹೋಗೈತಲ್ಲ ಸಾರ್, ಮೊದ್ಲನೇ ಬಸ್ಸಿಗೆ," ಎಂದರು.

ಆದದ್ದು ಇಷ್ಟು. ಮಿಲ್ಲಿನ ಸಾಹುಕಾರರು ಒಂದು ಡೂಪ್ಲಿಕೇಟು ವಾಚಿಗಾಗಿ ಇಷ್ಟು ದೂರ ಏಕೆ ಬಂದರು ಎಂಬ ಸಂಶಯ ಓಬಳೇಶಪ್ಪನವರಿಗೆ ಬಂದಿದೆ. ವಾಚನ್ನು ಪೇಟೆಯ ರಿಪೇರಿ ಸಾಬರ ಬಳಿ ಒಯ್ದಿದ್ದಾರೆ. ಸಾಬರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿ, ಇದು ಅಸಲಿ ಮಾಲು, ಕೈಗೆ ಕಟ್ಟಬೇಡ, ಬಟ್ಟೆಯಲ್ಲಿ ಸುತ್ತು ಎಂದು ತಾವೇ ಒಂದು ಕರ್ಚೀಫು ಕೊಟ್ಟರಂತೆ. ಅಲ್ಲಿಂದ ಮುಂದೆ ಓಬಳೇಶಪ್ಪ ತಾವೇ ವಿಚಾರ ಮಾಡಿದ್ದಾರೆ. ಸಾಹುಕಾರರು ಸುಳ್ಳು ಹೇಳುವವರಲ್ಲ. ಹಾಗಾದರೆ ಕೊಂಡದ್ದು ತಂದೆಯೇ ಇರಲಿ, ಮಗನೇ ಇರಲಿ, ಬಸ್ ಸ್ಟ್ಯಾಂಡಿನ ಅಂಗಡಿಯವನೇ ಎಡವಿ, ಡೂಪ್ಲಿಕೇಟು ಎಂದುಕೊಂಡು ಅಸಲಿಯನ್ನು ಮಾರಿದ್ದಾನೆ. ಪಾಪ, ಅವನು ಬೀದಿಗೆ ಬೀಳುತ್ತಾನೆ. ಅಕ್ಕನನ್ನು ಕರೆದುಕೊಂಡು ಹೋಗಿ ಅವನಿಗೆ ವಾಪಸ್ಸು ಕೊಟ್ಟುಬಿಡಬೇಕು.

ಸಾಹುಕಾರರು ಸುಳ್ಳು ಹೇಳುವವರಲ್ಲ! ಲಕ್ಷ್ಮಕ್ಕ ಇದನ್ನು ಹೇಳಿದಾಗ ನಾನು ಅವರ ಮುಖ ನೋಡಲಾಗದೆ ಮಗ್ಗದ ಮೇಲಿದ್ದ ಅರ್ಧ ನವಿಲನ್ನು ನೋಡಿದೆ.

ಗಿರಿಜಾಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಕಾರು ತಿರುಗಿಸಿದೆ. ಆ ದಾರಿಯಲ್ಲಿ ನಾನು ಅಷ್ಟು ಜೋರಾಗಿ ಹೋದದ್ದು ಅದೊಂದೇ ಸಲ. ಆದರೂ ಪ್ರತಿ ಊರಲ್ಲೂ ಒಂದೊಂದು ಕುರಿಮಂದೆ ನನಗಾಗಿಯೇ ಕಾದಿದ್ದಂತೆ ರಸ್ತೆ ದಾಟಿತು.

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಮೂಲೆ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ನಡುವೆ ಗಿರಿಜಾ. ಪಕ್ಕದಲ್ಲಿ ಕರ್ಚೀಫು ಹಿಡಿದ ಓಬಳೇಶಪ್ಪ. ಗಿರಿಜಾ ಅಂಗಡಿಯವನಿಗೆ, ನಿನ್ನ ನಷ್ಟ ನಮಗೆ ಬೇಡಪ್ಪ, ತಗೋ ಎಂದು ಒತ್ತಾಯಿಸುತ್ತಿದ್ದಳು. ಅವನು ಎರಡೂ ಕೈ ಜೋಡಿಸಿಬಿಟ್ಟಿದ್ದ.

"ಅಕ್ಕಾ, ನಾನು ಮಾರಿದ್ದಲ್ಲ ಇದು. ಇಂಥದ್ದು ನನ್ನತ್ರ ಇದ್ದಿದ್ರೆ ಈ ಬಿಸ್ಲಾಗೆ ನಾನ್ಯಾಕೆ ಕೂತಿರ್ತಿದ್ದೆ?"

ಯಾರೋ ಒಬ್ಬ ಕಂಡಕ್ಟರು, ಹಾಗಾದರೆ ಇದು ಕಳುವಿನ ಮಾಲೇ ಇರಬೇಕು, ಪೊಲೀಸ್ ಸ್ಟೇಷನ್ನಿಗೆ ಕೊಡುವುದೇ ಸರಿ ಎಂದ. ಎಲ್ಲರಿಗೂ ಅದು ಸರಿಯೆನಿಸಿತು. ಗಿರಿಜಾ ಸೆರಗು ಸರಿಮಾಡಿಕೊಂಡು ಸ್ಟೇಷನ್ನಿನ ಕಡೆ ಹೊರಟೇಬಿಟ್ಟಳು. ಹಿಂದೆ ಓಬಳೇಶಪ್ಪ, ಅವರ ಹಿಂದೆ ಅಂಗಡಿಯವನೂ ಜನರೂ. ಆ ಮೆರವಣಿಗೆಗೆ ಎದುರಾಗಿ ನಾನು ಏದುಸಿರು ಬಿಡುತ್ತ ನಿಂತೆ. ಅಂಗಡಿಯವನಿಗೆ ನನ್ನನ್ನು ತೋರಿಸಿ, ಇವರಿಗೇ ಅಲ್ಲವೇ ನೀನು ಮಾರಿದ್ದು ಎಂದು ಗಿರಿಜಾ ಕೇಳಿದಳು. ಈ ಸಾರ್ ನನ್ನ ಅಂಗಡಿಯ ಕಡೆ ಒಮ್ಮೆಯೂ ತಲೆಹಾಕಿದವರಲ್ಲ ಎಂದು ಅವನು ಸತ್ಯವನ್ನೇ ನುಡಿದ.

ಬಾಯಿಪಾಠ ಮಾಡಿದ ಮಾತೆಲ್ಲ ಹಾರಿಹೋಯಿತು. "ಅದು ನಂದೇ," ಎಂದೆ. "ಅಸಲಿ. ಬೆಂಗಳೂರಿನಾಗೆ ನಾನೇ ತಗಂಡಿದ್ದು."

ಗಿರಿಜಾ ಒಂದೇ ಒಂದು ಮಾತು ಕೇಳಿದಳು. "ಉಳಿದವು?"

"ಅವೂನು."

ಜನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕಂಡಕ್ಟರು ಮೆಲ್ಲಗೆ ಸೀಟಿ ಊದಿಕೊಂಡು ತನ್ನ ಬಸ್ಸಿಗೆ ಹೋದ. ಅಂಗಡಿಯವನು ನನ್ನನ್ನು ಬಹಳ ಕನಿಕರದಿಂದ ನೋಡಿ ನೀರು ಕೊಟ್ಟ.

ಗಿರಿಜಾ ಜಗಳವಾಡಲಿಲ್ಲ. ಓಬಳೇಶಪ್ಪನವರನ್ನು ಮನೆಗೆ ಕರೆದುಕೊಂಡು ಹೋಗಿ, ಎಲೆ ಹಾಕಿ, ಮುದ್ದೆಗೆ ತುಪ್ಪ ಬಡಿಸಿ ಉಣಲಿಕ್ಕಿದಳು. ವಾಚು ಅವರ ಮತ್ತು ನನ್ನ ನಡುವೆ ಕರ್ಚೀಫಿನ ಮೇಲೆ ಕೂತಿತ್ತು. ಅದನ್ನು ನೀವೇ ಇಟ್ಟುಕೊಳ್ಳಿ ಎಂದೆ. ಆ ಹೊತ್ತಿಗೆ ಆ ಮಾತನ್ನು ಮನಃಪೂರ್ವಕವಾಗಿಯೇ ಹೇಳಿದೆ. ಅವರು ತಲೆಯಾಡಿಸಿದರು.

"ಬ್ಯಾಡ ಸಾರ್. ಇದನ್ನ ಕಟ್ಕಂಡ್ರೆ ಹಲಗೆ ಬಡಿಯಾಕೆ ಕೈ ಬರಲ್ಲ ನಂಗೆ. ಅಕ್ಕಾರು ಕೊಟ್ರು ಅನ್ನೋದು ನನ್ನತ್ರ ಐತೆ, ಅಷ್ಟು ಸಾಕು."

ಅವರನ್ನು ಬಸ್ಸಿಗೆ ಬಿಟ್ಟು ಬಂದಮೇಲೆ ಗಿರಿಜಾ ಬೀರು ತೆರೆದು, ಸೀರೆಗಳ ಅಡಿಯಿಂದ ಒಂದು ಸಣ್ಣ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಒಳಗೆ ಒಂದು ವಾಚು. ಸಾದಾ ಬಿಳಿ ಮುಖ, ಕಪ್ಪು ಬೆಲ್ಟು. ಜೊತೆಗೆ ಅಂಗಡಿಯ ಮೊಹರು ಬಿದ್ದ ಗ್ಯಾರಂಟಿ ಕಾರ್ಡು. ಯಾವುದೋ ಮದುವೆಯಲ್ಲಿ ಇಬ್ಬರು ಹೆಂಗಸರು, ಎಣ್ಣೆ ಮಿಲ್ಲಿನವರು ಡೂಪ್ಲಿಕೇಟು ವಾಚು ಕಟ್ಟುತ್ತಾರಂತೆ ಎಂದು ನಕ್ಕದ್ದು ಅವಳ ಕಿವಿಗೆ ಬಿದ್ದಿತ್ತಂತೆ. ಅವರಿಗೆ ಆ ಸುದ್ದಿ ತಲುಪಿಸಿದವಳು ಅವಳೇ, ಗಂಡನ ಮಿತವ್ಯಯವನ್ನು ಹೊಗಳುತ್ತ! ಆದರೂ ಅವಳಿಗೆ ಚುರುಕ್ಕೆಂದಿದೆ. ನನ್ನ ಗಂಡನ ಕೈಗೆ ಒಂದಾದರೂ ಅಸಲಿ ಇರಲಿ ಎಂದು, ಶೇಂಗಾ ಚಟ್ನಿಪುಡಿ ಮಾಡಿ ಮಾರಿದ ತನ್ನ ದುಡ್ಡಿನಲ್ಲಿ ಅದನ್ನು ಕೊಂಡಿಟ್ಟಿದ್ದಳು. ಬರುವ ಶುಕ್ರವಾರ ನಮ್ಮ ಮದುವೆಯಾಗಿ ಮೂವತ್ತು ವರ್ಷ. ಅವಳು ಧಾರೆ ಸೀರೆಯಂಥದ್ದನ್ನೇ ಉಡುವುದು, ನಾನು ಆ ವಾಚು ಕಟ್ಟುವುದು ಎಂದು ಅವಳ ಲೆಕ್ಕ. ತಾರೀಖು ತೋರಿಸುವ ನಾಲ್ಕು ವಾಚಿದ್ದೂ ನನಗೆ ಆ ಶುಕ್ರವಾರ ನೆನಪಿರಲಿಲ್ಲ.

ಕೈ ಚಾಚಿದೆ. ಅವಳೇ ಕಟ್ಟಿದಳು. ದಿಂಬಿರಲಿಲ್ಲ, ಗ್ಲೌಸಿರಲಿಲ್ಲ, ಬೆರಳಿನಲ್ಲಿ ಒಗ್ಗರಣೆಯ ವಾಸನೆಯಿತ್ತು. ಅಳು ಬಂತು ಎಂದು ಬರೆದರೆ ಮಿಲ್ಲಿನ ಹಮಾಲರು ನಗುತ್ತಾರೆ. ಬಂತು.

ಅದಾದಮೇಲೆ ಎರಡು ದಿನ ಅವಳು ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಅದು ನ್ಯಾಯವೇ. ಮೂರನೆಯ ದಿನ ತಾನಾಗಿಯೇ ಡ್ರಾಯರು ಎಳೆದು, ಯಾವುದು ಏನೇನು ಮಾಡುತ್ತದೆ ಹೇಳಿ ಎಂದಳು. ಮೂರು ವರ್ಷದಿಂದ ಯಾರಿಗೂ ಹೇಳಲಾಗದೆ ಹೊಟ್ಟೆಯಲ್ಲಿಟ್ಟುಕೊಂಡ ಸಂಗತಿಯನ್ನೆಲ್ಲ ಒಂದು ಗಂಟೆ ಹೇಳಿದೆ. ಮುನ್ನೂರು ಮೀಟರ್ ಆಳದ ವಾಚಿಗೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗು ಕೇಳಿ ನನಗೆ ಆದ ನೆಮ್ಮದಿ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಎರಡನ್ನು ಮಾರಿ ಎರಡನ್ನು ಇಟ್ಟುಕೊಳ್ಳಿ ಎಂದು ಅವಳೇ ತೀರ್ಪು ಕೊಟ್ಟಳು. ಕಟ್ಟಕಡೆಗೆ, ಇನ್ನು ಮೇಲೆ ಏನು ತಂದರೂ ನಿಜವಾದ ಬೆಲೆ ಹೇಳಿ ತನ್ನಿ ಎಂದಳು. ಆ ಷರತ್ತಿನ ಮೇಲೆ ಇದುವರೆಗೆ ಒಂದನ್ನೂ ತರುವ ಧೈರ್ಯ ನನಗೆ ಬಂದಿಲ್ಲ.

ಆ ಶುಕ್ರವಾರ ಕಳೆದು ಬಂದ ಭಾನುವಾರ ಇಬ್ಬರೂ ಮೊಳಕಾಲ್ಮೂರಿಗೆ ಹೋದೆವು. ಗಿರಿಜಾ ನೇರಳೆ ಸೀರೆ ಉಟ್ಟಿದ್ದಳು, ಬುಟ್ಟಿಯಲ್ಲಿ ಹೋಳಿಗೆಯಿತ್ತು. ಓಬಳೇಶಪ್ಪನವರಿಗೆ ನಾನು ನೆಟ್ಟಗೆ ಒಂದು ಕೃತಜ್ಞತೆಯ ಮಾತೂ ಹೇಳಿರಲಿಲ್ಲ. ಆ ಮನುಷ್ಯ ಕರ್ಚೀಫಿನಲ್ಲಿ ಸುತ್ತಿಕೊಂಡು ತಂದುಕೊಟ್ಟದ್ದು ವಾಚನ್ನಷ್ಟೇ ಅಲ್ಲ ಎಂಬುದು ನನಗೆ ಗೊತ್ತಿತ್ತು. ಹತ್ತು ಗಂಟೆಗೆ ಬರುತ್ತೇವೆಂದು ಹೇಳಿದ್ದೆವು. ಮುಟ್ಟಿದಾಗ ಹನ್ನೆರಡಾಗಿತ್ತು.

ಗಂಡಹೆಂಡಿರಿಬ್ಬರೂ ತಿಂಡಿ ತಿನ್ನದೆ ಕಾದಿದ್ದರು. ನಾನು ಕೈಹಿಡಿದು ಹೇಳಬೇಕಾದ್ದನ್ನು ಹೇಳಿದೆ. ಅವರು ಸಂಕೋಚದಿಂದ ನಕ್ಕರು. ಆಮೇಲೆ ಬಾಗಿಲಿನಿಂದ ಮಗ್ಗದ ಮೇಲೆ ಬಿದ್ದ ಬಿಸಿಲನ್ನೊಮ್ಮೆ ನೋಡಿ, ಬೈಯುವ ದನಿಯಲ್ಲ, ನಿಜಕ್ಕೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು.

"ಇಷ್ಟು ವಾಚ್ ಇಟ್ಕಂಡು ಹೆಂಗೆ ಲೇಟಾಗ್ತೈತೆ ಸಾರ್ ನಿಮಗೆ?"

ಉತ್ತರ ಗಿರಿಜಾ ಕೊಟ್ಟಳು. ಎಡಗೈಗೆ ನಾನು ಕೊಟ್ಟದ್ದು ಸರಿ, ಬಲಗೈಗೆ ಯಾವುದು ಕಟ್ಟುವುದೆಂದು ಇವರು ಕನ್ನಡಿಯ ಮುಂದೆ ಎರಡು ಗಂಟೆ ನಿಂತಿದ್ದರು ಎಂದಳು!